ಚಿನ್ನಿಗೆ ಕೊಟ್ಟ ಕಂಪ್ಯೂಟರ್

ನಮ್ಮ ಮನೆಗೆ ಬಂದ ಮಗು ಯಾವ ಸಾಮಾನನ್ನು ಆಸೆಯಿಂದ ನೋಡಿದರೂ ಅದನ್ನು ಕೊಟ್ಟು ಕಳಿಸಬೇಕು. ನಮ್ಮ ಮಾವನವರು ಕಾಫಿ ವ್ಯಾಪಾರ ಶುರುಮಾಡಿದ ಕಾಲದಿಂದ ನಡೆದುಬಂದ ಪದ್ಧತಿ ಇದು. ಬೆಳೆಗಾರರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು, ಮಾವ ಕೊಡುತ್ತಿದ್ದರು, ಮುಂದಿನ ವರ್ಷವೂ ಅವರ ಕಾಫಿ ನಮ್ಮ ಗೋದಾಮಿಗೇ ಬರುತ್ತಿತ್ತು. ಹೀಗೆ ಈ ಮನೆಯಿಂದ ಗೋಡೆ ಗಡಿಯಾರ ಹೋಗಿದೆ, ಪಂಜರದ ಸಮೇತ ಗಿಳಿ ಹೋಗಿದೆ, ನನ್ನ ತವರಿನಿಂದ ಬಂದ, ಎಲೆ ಅಡಿಕೆ ಇಡುವ ಹಿತ್ತಾಳೆಯ ಪಾನ್‌ದಾನ್ ಹೋಗಿದೆ. ಮಗ ಶಾಹಬಾಜ್ ಆರನೇ ಕ್ಲಾಸಿನಲ್ಲಿದ್ದಾಗ ಅವನ ಸೈಕಲ್ ಹೋಯಿತು. ಈಗ ಅವನು ಲಾರಿ ಆಫೀಸಿನಲ್ಲಿ ಕೆಲಸ ಮಾಡುವ ಗಂಡಸು. ಆ ಸೈಕಲ್ ಮಾತು ಬಂದರೆ ಇವತ್ತಿಗೂ ಊಟದಿಂದ ಎದ್ದು ಹೋಗುತ್ತಾನೆ. ನನ್ನ ಗಂಡ ಅಬ್ದುಲ್ ಸತ್ತಾರ್ ಎಂದರೆ ಧಾರಾಳದ ಕೈ ಎಂದು ಸಕಲೇಶಪುರದಲ್ಲಿ ಹೆಸರಿದೆ. ಕೈ ಇವರದ್ದು ಹೌದು. ಆ ಕೈಯಿಂದ ಹೋಗುವ ಸಾಮಾನು ಮಾತ್ರ ಯಾವಾಗಲೂ ಮನೆಯ ಬೇರೆಯವರದ್ದು.

ಜನವರಿಯ ಒಂದು ಭಾನುವಾರ ಕೆ. ಹೊಸಕೋಟೆಯ ಶ್ರೀನಾಥ್ ಬಂದರು. ಮಾರನಹಳ್ಳಿಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಇಳಿದಿದ್ದರು. ಜೊತೆಯಲ್ಲಿ ಅವರ ತಾಯಿ ವಿಶಾಲಮ್ಮ, ಆರೇಳು ವರ್ಷದ ಮಗಳು ಚಿನ್ನಿ. ಅವರ ತೋಟದ ಕಾಫಿಯೆಲ್ಲ ನಮ್ಮಲ್ಲಿಗೇ ಬರುತ್ತದೆ. ಅಂಥವರಿಗೆಂದು ಬೇರೆ ಎತ್ತಿಟ್ಟ ಸ್ಟೀಲ್ ಲೋಟಗಳನ್ನು ತೊಳೆದು ಕಾಫಿ ಕೊಟ್ಟೆ, ಬಾಳೆಹಣ್ಣು ಬಿಸ್ಕತ್ತು ಇಟ್ಟೆ. ಮಗುವಿಗೆ ಕಾಫಿ ಬೇಡ ಎಂದು ಹಾಲು ಕಾಯಿಸಿ ತಂದೆ. ಒಲೆಯ ಮೇಲೆ ಮಧ್ಯಾಹ್ನದ ಸಾರು ಕುದಿಯುತ್ತಿತ್ತು, ಒಳಗೆ ಹೋದೆ. ಮಗಳು ಅಫ್ಶಾನ್ ಮನೆಯಲ್ಲಿರಲಿಲ್ಲ. ಮದುವೆ ಮನೆಯೊಂದರಲ್ಲಿ ಮೆಹಂದಿ ಹಾಕಲು ಕರೆದಿದ್ದರು.

ಕಾರು ಹೊರಟ ಸದ್ದು ಕೇಳಿ ಲೋಟ ತೆಗೆಯಲು ಬಂದೆ. ಗೋಡೆಯ ಪ್ಲಗ್ಗಿನಿಂದ ಚಾರ್ಜರ್ ವೈರು ನೇತಾಡುತ್ತಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ. ಅದರ ಜೊತೆಗಿದ್ದ ನೀಲಿ ಚೀಲವೂ ಇರಲಿಲ್ಲ.

ಅಫ್ಶಾನ್‌ದು ಎಲ್ಲಿ ಎಂದು ಕೇಳಿದೆ.

"ಆ ಗೇಮ್ ಆಡೋದಾ? ಚಿನ್ನಿ ಕೈಯಿಂದ ಬಿಡ್ಲೇ ಇಲ್ಲ ಕಣೆ. ಕೊಟ್ಬುಟ್ಟೆ," ಎಂದರು. ಮುಖದಲ್ಲಿ ಆ ಹಳೆಯ ತೃಪ್ತಿ ಇತ್ತು, ಗಿಳಿ ಕೊಟ್ಟಾಗ ಇದ್ದದ್ದು, ಸೈಕಲ್ ಕೊಟ್ಟಾಗ ಇದ್ದದ್ದು.

ಅದು ಗೇಮ್ ಆಡುವ ಯಂತ್ರವಾಗಿಯೇ ತಯಾರಾದದ್ದು, ಸುಳ್ಳಲ್ಲ. ಎರಡು ಕೈಯಲ್ಲಿ ಹಿಡಿಯುವಷ್ಟು ಅಗಲ, ನಡುವೆ ಅಂಗೈಯಷ್ಟು ತೆರೆ, ಎರಡೂ ಬದಿಗೆ ಗುಂಡಿಗಳು, ಹೆಬ್ಬೆರಳಿನಲ್ಲಿ ತಿರುಗಿಸುವ ಎರಡು ಪುಟ್ಟ ಕಡ್ಡಿಗಳು. ಒಂದೂವರೆ ವರ್ಷ ಮೆಹಂದಿ ಹಾಕಿ ಕೂಡಿಸಿದ್ದರಲ್ಲಿ ಅಫ್ಶಾನ್ ಅದನ್ನು ಹಾಸನದ ಅಂಗಡಿಯಿಂದ ಸೆಕೆಂಡ್‌ಹ್ಯಾಂಡ್ ತಂದಳು. ಆಲೂರಿನ ಕಾಲೇಜಿನಲ್ಲಿ ಬಿಸಿಎ ಓದುವ ಹುಡುಗಿಗೆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಲ್ಯಾಪ್‌ಟಾಪ್ ಬೇಕು ಎಂದು ಅವಳು ಕೇಳಿದಾಗಲೆಲ್ಲ ಇವರು ಈ ಸಲದ ಕಾಫಿ ಸುಗ್ಗಿ ಮುಗಿಯಲಿ ಎಂದರು. ಎರಡು ಸಲ ಕಾಫಿ ಮುಗಿಯಿತು.

ಆ ಯಂತ್ರದಲ್ಲಿದ್ದ ವಿಂಡೋಸ್ ಏಳುವುದರೊಳಗೆ ನನ್ನ ಅಕ್ಕಿ ಬೆಂದಿರುತ್ತಿತ್ತು. ಅಫ್ಶಾನ್ ಅದನ್ನು ಕಿತ್ತುಹಾಕಿ ಅದರ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದಳು. ಆಫೀಸಿನ ಮೇಜಿನ ಮೇಲೆ ಇರುವ ದೊಡ್ಡ ಕಂಪ್ಯೂಟರಿನಲ್ಲಿ ಏನೇನು ಇರುತ್ತದೋ ಅಷ್ಟೂ ಆ ಅಂಗೈಯೊಳಗೆ ಬರಬೇಕು ಎಂದು ಅವಳ ಹಟ. ಮೊದಲಿಗೆ ತೆರೆ ಅಡ್ಡ ಮಲಗಿತ್ತು. ಅಕ್ಷರ ಓದಲು ನಾನು ಕತ್ತು ಓರೆ ಮಾಡಿ ನಿಲ್ಲಬೇಕಿತ್ತು, ಕೈಯಲ್ಲಿ ಸೌಟು ಹಿಡಿದುಕೊಂಡೇ. ಅದು ನೆಟ್ಟಗಾದ ಮೇಲೆ ಧ್ವನಿ ಬರಲಿಲ್ಲ. ಧ್ವನಿ ಬಂದ ಮೇಲೆ, ಒಮ್ಮೆ ನಿದ್ದೆ ಹೋದ ಯಂತ್ರ ಏಳಲಿಲ್ಲ. ಎಲ್ಲೆಲ್ಲಿಯದೋ ದೇಶದವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಓದಿ, ಅವರನ್ನು ಕೇಳಿ, ಒಂದೊಂದನ್ನೇ ಸರಿಮಾಡಿದಳು. ಗುಂಡಿಗಳಿಗೆ ಮೌಸಿನ ಕೆಲಸ ಕಲಿಸಿದಳು. ತೆರೆಯ ಮೇಲಿನ ಹೆಸರುಗಳನ್ನೆಲ್ಲ ಕನ್ನಡಕ್ಕೆ ತಂದಳು. ಇದಕ್ಕೆ ಏನು ಅಂದರೆ ನಿಮಗೆ ಅರ್ಥ ಆಗುತ್ತೆ ಅಮ್ಮಿ ಎಂದು ಕೇಳುತ್ತಿದ್ದಳು. ನಾನು ಈರುಳ್ಳಿ ಹೆಚ್ಚುತ್ತಾ ಯೋಚಿಸಿ ಹೇಳುತ್ತಿದ್ದೆ. ಕೆಲವನ್ನು ಇಟ್ಟುಕೊಂಡಳು.

ಅದೇ ಅವಳ ಕಾಲೇಜಿನ ಪ್ರಾಜೆಕ್ಟ್ ಆಯಿತು. ಯಾರಿಗೂ ಬೇಡವಾದ ಆಟದ ಯಂತ್ರವನ್ನು ಓದುವ ಮಕ್ಕಳ ಕಂಪ್ಯೂಟರ್ ಮಾಡುವುದು. ಬುಧವಾರ ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಅವರ ಮುಂದೆ ಯಂತ್ರವನ್ನೇ ನಡೆಸಿ ತೋರಿಸಬೇಕು. ಬರೆದದ್ದೆಲ್ಲದರ ನಕಲು ಒಂದು ಪೆನ್‌ಡ್ರೈವಿನಲ್ಲಿತ್ತು. ಪೆನ್‌ಡ್ರೈವ್ ಆ ನೀಲಿ ಚೀಲದಲ್ಲಿತ್ತು.

ಇವರು ಅದನ್ನು ಕೊಟ್ಬುಟ್ಟೆ ಎಂದರು.

ಅಫ್ಶಾನ್ ಸಂಜೆ ಬಂದಳು, ಬೆರಳೆಲ್ಲ ಮೆಹಂದಿಯ ಕಂದು. ನಾನೇ ಹೇಳಿದೆ. ಅವಳು ಅಳಲಿಲ್ಲ. ಚಾರ್ಜರ್ ವೈರನ್ನು ಪ್ಲಗ್ಗಿನಿಂದ ತೆಗೆದು ಸುತ್ತಿ ಕೈಯಲ್ಲಿ ಹಿಡಿದುಕೊಂಡು ಅಬ್ಬನ ಎದುರು ನಿಂತು ಬುಧವಾರದ ವಿಷಯ ಹೇಳಿದಳು. ಇವರು ಟಿವಿಯ ಸದ್ದು ಕಡಿಮೆ ಮಾಡಿದರು, ಆರಿಸಲಿಲ್ಲ. ಅಂಥದ್ದೇ ಇನ್ನೊಂದು ನಾಳೆಯೇ ತರಿಸುತ್ತೇನೆ, ಹೊಸದನ್ನೇ ತರಿಸುತ್ತೇನೆ ಎಂದರು. ಹೊಸದರಲ್ಲಿ ತೆರೆ ಮತ್ತೆ ಅಡ್ಡ ಮಲಗುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು, ಅದಕ್ಕೆ ತಿಂಗಳುಗಳು ಬೇಕು ಎಂದು ಅವಳು ಸಮಾಧಾನದಿಂದ ವಿವರಿಸಿದಳು. ಹಾಗಾದರೆ ಶ್ರೀನಾಥ್‌ಗೆ ಒಂದು ಫೋನ್ ಮಾಡಿ ಎಂದು ನಾನು ಹೇಳಿದೆ.

"ಕೊಟ್ಟಿದ್ದನ್ನ ವಾಪಸ್ ಕೇಳೋ ಮನೆ ಅಲ್ಲ ಇದು," ಎಂದರು ಇವರು. ಆಮೇಲೆ ಮಗಳ ಕಡೆ ತಿರುಗಿ, ತಾವೇ ನೊಂದವರ ಹಾಗೆ, "ಒಂದು ವರ್ಷದಿಂದ ನೀನು ಅದ್ರಲ್ಲಿ ಗೇಮ್ ಆಡ್ತಿದ್ದೀಯ ಅಂತ್ಲೇ ನಾನು ಅಂದ್ಕಂಡಿದ್ದೆ. ಒಂದು ದಿನ ಬೈದಿದ್ನಾ? ಆಡ್ಕಳ್ಳಿ ಅಂತ ಸುಮ್ನಿದ್ದೆ ತಾನೆ?" ಎಂದರು.

ಅಫ್ಶಾನ್ ಮುಖ ಆಗ ಬದಲಾಯಿತು. ಯಂತ್ರ ಹೋದದ್ದಕ್ಕೆ ಬದಲಾಗದ ಮುಖ. ಅವಳು ಒಳಗೆ ಹೋಗಿ ಕೈ ತೊಳೆಯತೊಡಗಿದಳು. ಮೆಹಂದಿ ತೊಳೆದರೆ ಹೋಗುವ ಬಣ್ಣವಲ್ಲ, ಆದರೂ ತೊಳೆಯುತ್ತಲೇ ಇದ್ದಳು. ನಾನು ಹೋಗಿ ನಲ್ಲಿ ನಿಲ್ಲಿಸಿ ಸೆರಗಿನಲ್ಲಿ ಅವಳ ಕೈ ಒರೆಸಿದೆ. ಮಗಳು ನಮ್ಮ ಕಣ್ಣೆದುರಿಗೆ ಹಾಲ್‌ನಲ್ಲಿ ಕೂತು ಒಂದು ವರ್ಷ ಕೆಲಸ ಮಾಡಿದ್ದಾಳೆ. ಏನು ಮಾಡ್ತಿದ್ದೀಯ ಎಂದು ಒಂದು ದಿನವೂ ಕೇಳದವರು, ಬೈಯದೆ ಇದ್ದದ್ದಕ್ಕೆ ಶಹಭಾಸ್‌ಗಿರಿ ಕೇಳುತ್ತಿದ್ದರು.

ಸೋಮವಾರ ಬೆಳಿಗ್ಗೆ ಇವರು ನಮಾಜಿಗೆ ಹೋದವರು ಹಾಗೇ ಟೀ ಅಂಗಡಿಯಲ್ಲಿ ಕೂತಿದ್ದರು. ನಾನು ರೊಟ್ಟಿ ಮಾಡಿ ಮುಚ್ಚಿಟ್ಟೆ, ಚಾರ್ಜರನ್ನು ಚೀಲಕ್ಕೆ ಹಾಕಿಕೊಂಡೆ, ಅಫ್ಶಾನಳಿಗೆ ಹೊರಡು ಎಂದೆ. ಬಾಗಿಲು ಹಾಕುವ ಮೊದಲು ಮನೆಗೆ ಅಂಟಿಕೊಂಡ ಗೋದಾಮಿನ ಮೇಜಿನ ಮೇಲೆ ಕಣ್ಣು ಹೋಯಿತು. ಅಲ್ಲಿ ಇವರ ಮೀಟರ್ ಇತ್ತು. ಕಾಫಿಯಲ್ಲಿ ತೇವ ಎಷ್ಟಿದೆ ಎಂದು ನೋಡುವ ಮೀಟರ್. ಒಂದು ಹಿಡಿ ಬೀಜ ಸುರಿದು ಗುಂಡಿ ಒತ್ತಿದರೆ ಅಂಕಿ ಹೊಳೆಯುತ್ತದೆ, ಆ ಅಂಕಿಯ ಮೇಲೆ ವ್ಯಾಪಾರ. ಮನೆಯ ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಶಾಹಬಾಜ್ ಒಮ್ಮೆ ಅದಕ್ಕೆ ಕಡಲೆಕಾಯಿ ಸುರಿದು ಏಟು ತಿಂದಿದ್ದ. ನಾನು ಅದನ್ನು ಎತ್ತಿ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಫ್ಶಾನ್ ನೋಡಿದಳು.

"ಅಮ್ಮಿ, ಅದು ಅಬ್ಬಾದು."

"ಗೊತ್ತು ನಡಿ," ಎಂದೆ.

ಆಲೂರಿಗೆ ಒಂದು ಬಸ್ಸು, ಅಲ್ಲಿಂದ ಕೆ. ಹೊಸಕೋಟೆಗೆ ಇನ್ನೊಂದು. ರಸ್ತೆಯ ಎರಡೂ ಕಡೆ ಕಣಗಳಲ್ಲಿ ಕಾಫಿ ಹರಡಿದ್ದರು. ಇಷ್ಟು ವರ್ಷ ಬಂದ ಸಿಟ್ಟನ್ನೆಲ್ಲ ನುಂಗಿಕೊಂಡು ಬಂದವಳು ನಾನು. ಆವತ್ತು ನುಂಗಲಿಲ್ಲ.

ಶ್ರೀನಾಥ್ ಮನೆಯ ಅಂಗಳದಲ್ಲಿ ಅವರ ತೋಟದ ಲೆಕ್ಕ ಬರೆಯುವ ರೈಟರ್ ನಟರಾಜ್ ಬೈಕ್ ಹತ್ತುತ್ತಿದ್ದ. ಅವನ ಹೆಗಲಿಗೆ ನೀಲಿ ಚೀಲ. ಅಫ್ಶಾನ್ ಓಡಿಹೋಗಿ ಬೈಕಿನ ಮುಂದೆ ನಿಂತುಬಿಟ್ಟಳು. ಪಾಪ, ಅವನು ಗಾಬರಿಯಾದ. ಯಂತ್ರ ನಿನ್ನೆ ರಾತ್ರಿಯೇ ಸತ್ತುಹೋಯಿತಂತೆ, ಮನೆಯಲ್ಲಿದ್ದ ಯಾವ ಚಾರ್ಜರಿನ ಪಿನ್ನೂ ಅದಕ್ಕೆ ಕೂರಲಿಲ್ಲವಂತೆ. ಆಲೂರಿಗೆ ಹೋಗಿ ಚಾರ್ಜರ್ ತಂದು, ಹಾಗೇ ಒಳಗೆ ಇರುವುದನ್ನೆಲ್ಲ ಅಳಿಸಿ ಒಳ್ಳೆಯ ಗೇಮ್ ಹಾಕಿಸಿಕೊಂಡು ಬಾ ಎಂದು ಕಳಿಸುತ್ತಿದ್ದಾರಂತೆ. ಅಳಿಸಿ ಎಂಬ ಮಾತು ಕೇಳಿ ಅಫ್ಶಾನ್ ಅವನ ಹೆಗಲಿನಿಂದ ಚೀಲವನ್ನು ತಾನೇ ಬಿಚ್ಚಿಕೊಂಡಳು.

ಜಗಲಿಯಲ್ಲಿ ವಿಶಾಲಮ್ಮ ಕುರ್ಚಿಯಲ್ಲಿ ಕೂತಿದ್ದರು. ಶ್ರೀನಾಥ್ ಹೆಂಡತಿ ಪುಷ್ಪಾ ನಮ್ಮನ್ನು ಕಂಡು ನೀರು ತಂದರು. ಚಿನ್ನಿ ಅಜ್ಜಿಯ ಕಾಲ ಬಳಿ ನಿಂತಿತ್ತು. ನಾನು ಬಂದ ಕಾರಣ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಇದು ಆಟದ ಸಾಮಾನಲ್ಲ, ನನ್ನ ಮಗಳ ಕಂಪ್ಯೂಟರ್, ಅವಳ ಪರೀಕ್ಷೆ ಇದರ ಮೇಲೆ ನಿಂತಿದೆ, ವಾಪಸ್ ಬೇಕು ಎಂದೆ.

"ಇದೇನವ್ವಾ," ಎಂದರು ವಿಶಾಲಮ್ಮ. "ಸಾಬ್ರು ತಾವಾಗೇ ಮಗೀನ ಕೈಗೆ ಇಟ್ರು. ನಾವೇನು ಕಸ್ಕಂಡು ಬಂದ್ವಾ? ಕೊಟ್ಟು ಒಂದು ದಿನ ತುಂಬಿಲ್ಲ, ಕೇಳಕ್ಕೆ ಬಂದ್ರಲ್ಲ."

"ನೀವು ಕಸ್ಕಂಡಿಲ್ಲಮ್ಮ. ಅವರು ಕೊಟ್ಟಿದ್ದು ಅವರದ್ದಲ್ಲ. ಅವರದ್ದಲ್ಲದ್ದನ್ನ ಅವರು ಹೆಂಗೆ ಕೊಡ್ತಾರೆ?"

ಅಫ್ಶಾನ್ ಅಷ್ಟರಲ್ಲಿ ಪುಷ್ಪಾ ಅವರನ್ನು ಕೇಳಿ ಜಗಲಿಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದ್ದಳು. ನೆಲದ ಮೇಲೆ ಕೂತು ಗುಂಡಿ ಒತ್ತಿ ಹಿಡಿದಳು. ಬಿಳಿ ಅಕ್ಷರಗಳ ಸಾಲುಗಳು ಸರಸರನೆ ಏರಿ ಹೋದವು. ತೆರೆ ಬೆಳಗಿತು, ನೆಟ್ಟಗೆ ನಿಂತಿತು, ಕನ್ನಡದಲ್ಲಿ ಹೆಸರುಗಳು ಬಂದವು. ಅವಳು ಗುಪ್ತಪದ ಕೊಟ್ಟು ಒಂದೊಂದೇ ತೆರೆದು ನೋಡಿ, ಎಲ್ಲ ಇದೆ ಅಮ್ಮಿ ಎಂದಳು. ಆಗ ಮೊದಲ ಸಲ ಅವಳ ಧ್ವನಿ ಒಡೆಯಿತು.

ಪುಷ್ಪಾ ಬಗ್ಗಿ ನೋಡಿ, ಇದರಲ್ಲಿ ಬ್ಯಾಂಕಿನಲ್ಲಿ ಇರೋ ಥರದ್ದೆಲ್ಲ ಐತಲ್ಲ ಎಂದು ತಮಗೆ ತಾವೇ ಅಂದರು. ಆದರೆ ಚಿನ್ನಿಗೆ ಅದೆಲ್ಲ ಯಾಕೆ. ತನಗೆ ಕೊಟ್ಟದ್ದನ್ನು ದೊಡ್ಡ ಹುಡುಗಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ, ಅಷ್ಟೇ ಅದಕ್ಕೆ ಕಂಡದ್ದು. ಕೆಳತುಟಿ ಮುಂದೆ ಬಂತು. ಇಬ್ಬರು ಮಕ್ಕಳನ್ನು ಸಾಕಿದವಳು ನಾನು, ಆ ತುಟಿಯ ಮುಂದೆ ಕಲ್ಲಾಗಿ ನಿಲ್ಲುವುದು ಎಷ್ಟು ಕಷ್ಟ ಎಂದು ಬಲ್ಲೆ. ಮಗುವಿನ ಕೈಯಿಂದ ಕಿತ್ತುಕೊಳ್ಳುವ ಕೆಲಸವನ್ನು ನನ್ನ ಪಾಲಿಗೆ ಹಾಕಿದವರ ಮೇಲೆ ನನಗೆ ಇನ್ನೂ ಉರಿಯಿತು.

ಒಳಗಿನಿಂದ ಶ್ರೀನಾಥ್ ಬಂದರು. ವಿಷಯ ಕೇಳಿ ಅವರಿಗೆ ಮುಜುಗರವಾಯಿತು. ಯಾವುದಕ್ಕೂ ಸಾಬ್ರನ್ನ ಒಂದು ಮಾತು ಕೇಳಿಬಿಡೋಣ ಅಕ್ಕಾ ಎಂದು ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

ನಾವು ಅಲ್ಲಿದ್ದೇವೆ ಎಂದು ತಿಳಿದದ್ದೇ ಇವರು ನಗುವಿನ ಧ್ವನಿ ಮಾಡಿದರು. ವ್ಯಾಪಾರದ ನಗು. "ಅಯ್ಯೋ, ಹೆಂಗಸ್ರ ಮಾತು ತಲೆಗೆ ಹಚ್ಕಬ್ಯಾಡಿ ಸಾರ್. ಮಗೀಗೆ ಕೊಟ್ಟಿದ್ದು ಮಗೀದೇ. ಅವ್ರನ್ನ ಬಸ್ ಹತ್ತಿಸಿ ಕಳ್ಸಿ, ನಾನು ಬುದ್ಧಿ ಹೇಳ್ತೀನಿ."

ಅಫ್ಶಾನ್ ಯಂತ್ರವನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. ವಿಶಾಲಮ್ಮ ಕೂಡ ತಲೆ ತಗ್ಗಿಸಿದರು. ಆ ಮಾತು ಅವರಿಗೂ ಹಿಡಿಸಲಿಲ್ಲ ಎಂದು ಕಾಣುತ್ತದೆ.

ನಾನು ಚೀಲ ಬಿಚ್ಚಿ ಟವೆಲಿನಿಂದ ಮೀಟರ್ ತೆಗೆದೆ. ಚಿನ್ನಿಯನ್ನು ಹತ್ತಿರ ಕರೆದು ಮೂಗು ಒರೆಸಿದೆ. ಅಂಗಳದಲ್ಲಿ ಒಣಗುತ್ತಿದ್ದ ಕಾಫಿಯಲ್ಲಿ ಒಂದು ಹಿಡಿ ತಾ ಪುಟ್ಟಾ ಎಂದೆ. ಅದು ತಂದಿತು. ಸುರಿ ಎಂದೆ, ಸುರಿಯಿತು. ಗುಂಡಿ ತೋರಿಸಿದೆ, ಒತ್ತಿತು. ಕೆಂಪು ಅಂಕಿ ಹೊಳೆದದ್ದೇ ಮಗು ನಕ್ಕು ಇನ್ನೊಂದು ಹಿಡಿ ತರಲು ಓಡಿತು.

"ರೀ, ಕೇಳ್ತಿದ್ದೀರಾ?" ಎಂದೆ ಫೋನಿಗೆ. "ಮಗು ಆಸೆಪಟ್ಟಿದ್ದನ್ನ ಕೊಡಬೇಕು ಅನ್ನೋದು ನಮ್ಮನೆ ಪದ್ಧತಿ. ನಿಮ್ಮ ಮೀಟರ್ ಕೊಟ್ಬುಟ್ಟೆ."

ಆ ಕಡೆ ನಗು ನಿಂತಿತು. ಯಾವ ಮೀಟರ್ ಎಂದು ಕೇಳಿದರು. ನಮ್ಮಲ್ಲಿ ಇರುವುದು ಒಂದೇ ಎಂದೆ. ಈ ಕಾಫಿ ಸುಗ್ಗಿಯಲ್ಲಿ ನಿನಗೆ ತಲೆ ಕೆಟ್ಟಿದೆಯೇ, ಅದು ನನ್ನದು, ನನ್ನನ್ನು ಕೇಳದೆ ಹೆಂಗೆ ಕೊಟ್ಟೆ ಎಂದರು. ಅಷ್ಟನ್ನು ಅವರ ಬಾಯಿಂದಲೇ ಎಲ್ಲರೂ ಕೇಳಿಸಿಕೊಂಡರು. ನಾನು ಏನೂ ಹೇಳಬೇಕಾಗಲಿಲ್ಲ. ಶ್ರೀನಾಥ್ ಮೆಲ್ಲಗೆ ಫೋನ್ ಆಫ್ ಮಾಡಿದರು.

"ಸಾಬ್ರ ಮೀಟರು," ಎಂದರು ಅದನ್ನೇ ನೋಡುತ್ತಾ. "ಇಷ್ಟು ವರ್ಷದಲ್ಲಿ ನನ್ ಕೈಗೆ ಒಂದ್ಸಲ ಕೊಟ್ಟಿಲ್ಲ ಕಣಕ್ಕಾ ಅವ್ರು. ನಮ್ ಚಿನ್ನಿ ಅದೃಷ್ಟವಂತೆ."

ವಿಶಾಲಮ್ಮ ಬಸ್ಸಿನವರೆಗೆ ನಡೆದು ಹೋಗಬೇಡಿ ಎಂದು ನಟರಾಜನಿಗೆ ಜೀಪು ತೆಗೆಯಲು ಹೇಳಿದರು. ಹೊರಡುವಾಗ ಅಫ್ಶಾನಳ ಕೆನ್ನೆ ಮುಟ್ಟಿ, ಚೆನ್ನಾಗಿ ಬರೀ ಮಗಾ ಎಂದರು. ಬರೆಯುವ ಪರೀಕ್ಷೆಯಲ್ಲ ಎಂದು ತಿದ್ದುವ ಗೋಜಿಗೆ ಅವಳು ಹೋಗಲಿಲ್ಲ.

ಮನೆಗೆ ಬಂದಾಗ ಇವರು ನನ್ನ ಜೊತೆ ಮಾತಾಡಲಿಲ್ಲ. ಮುಚ್ಚಿಟ್ಟ ರೊಟ್ಟಿಯೂ ಹಾಗೇ ಇತ್ತು. ಮಾತಾಡದಿದ್ದರೆ ನಾನೇ ಸುತ್ತ ಸುಳಿಯುತ್ತೇನೆ, ಕಾಫಿ ತಂದಿಡುತ್ತೇನೆ, ಕೊನೆಗೆ ನನ್ನದೇ ತಪ್ಪು ಎನ್ನುತ್ತೇನೆ ಎಂದು ಇವರಿಗೆ ಅಭ್ಯಾಸವಾಗಿದೆ. ನಾನು ರೊಟ್ಟಿಯನ್ನು ಕೋಳಿಗಳಿಗೆ ಹಾಕಿದೆ.

ಮಂಗಳವಾರ ಗೋದಾಮಿಗೆ ಎರಡು ಪಿಕಪ್ ಕಾಫಿ ಬಂತು. ಮೀಟರ್ ಇಲ್ಲದ್ದಕ್ಕೆ ಇವರು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು, ಮಾವನವರ ಕಾಲದಲ್ಲಿ ನೋಡುತ್ತಿದ್ದ ಹಾಗೆ. ಬಂದವರು ಒಪ್ಪಲಿಲ್ಲ. ಹಲ್ಲಿಗೆ ಅಂಕಿ ಬರುತ್ತಾ ಸಾಬ್ರೇ ಎಂದು ನಕ್ಕು ಇನ್ನೊಬ್ಬರ ಗೋದಾಮಿಗೆ ಗಾಡಿ ತಿರುಗಿಸಿದರು. ಮಧ್ಯಾಹ್ನ ಇವರು ಬೇಕರಿಯಿಂದ ಎರಡು ಡಬ್ಬ ಸಿಹಿ ಕಟ್ಟಿಸಿಕೊಂಡು ಕಾರು ತೆಗೆದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕತ್ತಲಾಗುವ ಹೊತ್ತಿಗೆ ಮೀಟರ್ ಮತ್ತೆ ಮೇಜಿನ ಮೇಲೆ ಇತ್ತು.

ನನಗೆ ಆಗ ಬಂದ ಸಿಟ್ಟು ಭಾನುವಾರದ್ದಕ್ಕಿಂತ ದೊಡ್ಡದು. ಮಗಳಿಗಾಗಿ ಇದ್ದಲ್ಲಿಂದಲೇ ಒಂದು ಫೋನ್ ಮಾಡಲು ಇವರಿಗೆ ಮರ್ಯಾದೆ ಅಡ್ಡ ಬಂದಿತ್ತು. ಅದೇ ಮರ್ಯಾದೆ ಮೀಟರಿಗಾಗಿ ಸಿಹಿ ಕಟ್ಟಿಸಿಕೊಂಡು ಕೆ. ಹೊಸಕೋಟೆಯವರೆಗೆ ಹೋಗಿ, ಒಂದು ಮಗುವಿನಿಂದ ಇಸಿದುಕೊಂಡು ಬಂತು. ಕೊಟ್ಟದ್ದನ್ನು ಕೇಳದ ಮನೆಯಂತೆ. ಈ ಮನೆಯಲ್ಲಿ ಯಾರು ಕಳೆದುಕೊಂಡರು ಎಂಬುದರ ಮೇಲೆ ಪದ್ಧತಿ ಬದಲಾಗುತ್ತದೆ.

ಬುಧವಾರ ಅಫ್ಶಾನ್ ಒಬ್ಬಳೇ ಬಸ್ಸಿನಲ್ಲಿ ಆಲೂರಿಗೆ ಹೋದಳು. ಕಾರಿನಲ್ಲಿ ಬಿಡುತ್ತೇನೆ ಎಂದು ಇವರು ಬೀಗದ ಕೈ ಹಿಡಿದು ನಿಂತಿದ್ದರು. ಬೇಡ ಅಬ್ಬಾ ಎಂದಳು. ಸಂಜೆ ಬಂದವಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಪರೀಕ್ಷಕರು ಯಂತ್ರವನ್ನು ಕೈಯಲ್ಲಿ ಹಿಡಿದು ತಾವೇ ಗುಂಡಿ ಒತ್ತಿ ನೋಡಿದರಂತೆ, ನಿದ್ದೆಗೆ ಕಳಿಸಿ ಎಬ್ಬಿಸಿದರಂತೆ, ಅದು ಎದ್ದಿತಂತೆ. ಬೇರೆ ಕಾಲೇಜಿನವರಿಗೂ ಬಂದು ತೋರಿಸುತ್ತೀಯಾ ಎಂದು ಕೇಳಿದರಂತೆ. ನಾನು ಹೇಳಿದ ಒಂದು ಹೆಸರನ್ನು ಓದಿ, ಇದು ಚೆನ್ನಾಗಿದೆ ಎಂದರಂತೆ. ನಾನು ಒಲೆ ಸಣ್ಣ ಮಾಡಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ.

ಹಾಲ್‌ನಲ್ಲಿ ಯಾರೋ ಬೆಳೆಗಾರರು ಬಂದು ಕೂತಿದ್ದರು. ನಮ್ಮ ಮಾತು ಹೊರಗೆ ಕೇಳಿರಬೇಕು. ಇವರ ಧ್ವನಿ ಏರಿತು. ನಮ್ ಹುಡುಗಿ ಕಂಪ್ಯೂಟರಿನಲ್ಲಿ ಏನೋ ಹೊಸದು ಮಾಡವಳೆ, ಕಾಲೇಜಲ್ಲೆಲ್ಲ ಅವಳದ್ದೇ ಮಾತು, ಓದ್ಕಳ್ಳಿ ಅಂತ ಆ ಮೆಷಿನ್ ನಾನೇ ಕೊಡಿಸಿದ್ದು ಎಂದು ಹೇಳುತ್ತಿದ್ದರು.

ಅತಿಥಿಗಳ ಮುಂದೆ ನಾನು ಇವರ ಮಾತಿಗೆ ಎದುರು ಆಡಿದವಳಲ್ಲ. ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತೆ.

"ಕೊಡಿಸಿದ್ದು ನೀವಲ್ಲ," ಎಂದೆ. "ಅವಳೇ ದುಡಿದು ತಗಂಡಿದ್ದು. ಕೊಟ್ಬುಟ್ಟಿದ್ದು ನೀವು."

ಬಂದವರು ಲೋಟದೊಳಗೆ ನೋಡಿದರು. ಇವರು ಟಿವಿಯ ರಿಮೋಟಿಗೆ ಕೈ ಹಾಕಿದರು. ಯಾರಿಗೂ ಸುಲಭವಾಗಲಿ ಎಂದು ನಾನು ಇನ್ನೊಂದು ಮಾತು ಸೇರಿಸಲಿಲ್ಲ. ಒಲೆಯ ಮೇಲೆ ಅನ್ನ ಇತ್ತು, ಒಳಗೆ ಹೋದೆ.